ಬೊಬ್ಬೆಗೆ ಓಡಿ ಬಂದ ಊರು

ಫೋನು ಬರುವುದಕ್ಕೆ ಮೊದಲು ಮಂಗಳೂರಿನ ಕುದ್ರೋಳಿಯಲ್ಲಿ ಸಹಾಯಕ್ಕೆ ಕರೆಯಲು ಇದ್ದದ್ದು ಬೊಬ್ಬೆ ಮಾತ್ರ. ಬಾವಿಗೆ ಮಗು ಬಿದ್ದರೆ, ಒಲೆಯ ಕಿಡಿ ಮುಳಿಹುಲ್ಲಿನ ಮಾಡಿಗೆ ಹಾರಿದರೆ, ಬೊಕ್ಕಪಟ್ಣದ ಕಡೆ ಹೊಳೆಯಲ್ಲಿ ದೋಣಿ ಮಗುಚಿದರೆ, ಕಂಡವರು ಅಂಗಳಕ್ಕೆ ಬಂದು ಬೊಬ್ಬೆ ಹಾಕುತ್ತಿದ್ದರು. ಕೇಳಿದವರು ಕೊಡಪಾನವೋ ಹಗ್ಗವೋ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡುತ್ತಿದ್ದರು. ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಸದ್ದು ಬಂದ ದಿಕ್ಕೇ ವಿಳಾಸ. ನಾನು ಮಂಗಳೂರಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಸಹಾಯ ಕೇಳುವ ಕರೆಯ ಚರಿತ್ರೆಯೆಲ್ಲ ಎರಡು ಪ್ರಶ್ನೆಗಳ ಚರಿತ್ರೆ ಎಂದು ಆ ಕೆಲಸ ನನಗೆ ಕಲಿಸಿತು: ‘ಎಲ್ಲಿ?’ ಮತ್ತು ‘ಯಾರು?’

ನಮ್ಮ ಪಕ್ಕದ ಬೋಳೂರಿನಲ್ಲಿ ಹೊಳೆಯ ದಂಡೆಗೆ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗು ಒಳಗೆ ಬರದಂತೆ ಕಾಯಲು ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಬುರುಜು ಅದು. ಆದರೆ ಅದರ ಕಾವಲು ರಾಜ್ಯಕ್ಕೆ. ಬಡವರ ಮನೆಗೆ ಬೆಂಕಿಯಿಂದ ಮೊದಲ ರಕ್ಷಣೆ ಕೊಟ್ಟದ್ದು ಹಂಚು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು; 1882ರಲ್ಲಿ ಮಿಷನ್ನಿನ ಇನ್ನೊಂದು ಕಾರ್ಖಾನೆ ನಮ್ಮ ಕುದ್ರೋಳಿಯಲ್ಲೇ ಎದ್ದಿತು. ಹುಲ್ಲು, ಮಡಲು ಹೊದಿಸಿದ ಮಾಡು ಹೋಗಿ ಹಂಚು ಬಂದ ಕೇರಿಯಲ್ಲಿ ಒಂದು ಮನೆಯ ಕಿಡಿ ಹತ್ತು ಮನೆ ಸುಡುವ ಭಯ ಕಡಿಮೆಯಾಯಿತು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕೆಲಸದ ಹೊತ್ತಿಗೆ ಕೂಗುವ ಅಲ್ಲಿನ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಅಮ್ಮ ಒಲೆಯ ಮೇಲಿನ ಪಾತ್ರೆ ಇಳಿಸಿ ರಸ್ತೆಗೆ ಓಡುತ್ತಿದ್ದರು. ಗೂಡಿನ ಬೆಂಕಿಗೆ ರಾಶಿ ಹಾಕಿದ ಸೌದೆಯ ನಡುವೆ ಗಂಡ ಇದ್ದಾನೆ ಎಂಬ ಹೆದರಿಕೆ ಅವರದು.

ಹಾಗೆಂದು ಬೊಬ್ಬೆಯ ಕಾಲವನ್ನು ಬರೀ ಹೊಗಳಲು ನನಗೆ ಮನಸ್ಸಿಲ್ಲ. ಬಾವಿಯೂ ದೇವಸ್ಥಾನವೂ ಜಾತಿ ನೋಡುತ್ತಿದ್ದ ಕಾಲವದು. ದೇವಸ್ಥಾನದೊಳಗೆ ಪ್ರವೇಶವಿಲ್ಲದ ಬಿಲ್ಲವರಿಗಾಗಿ ಹೊಯಿಗೆಬಜಾರಿನ ಕೊರಗಪ್ಪನವರ ಮುಂದಾಳತ್ವದಲ್ಲಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು ಇದೇ ಕುದ್ರೋಳಿಯಲ್ಲಿ. ಒಬ್ಬನ ನೆರಳನ್ನೂ ದೂರ ಇಟ್ಟ ಸಮಾಜ ಅವನ ಬೊಬ್ಬೆಗೆ ಎಷ್ಟು ಬೇಗ ಓಡಿ ಬಂದೀತು? ಯಾರು ಎಂದು ಕೇಳದೆ ಬರುವ ಸಹಾಯ ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ.

ಆಸ್ಪತ್ರೆ ಮಾತ್ರ ಬೇಗ ಬಂತು. ವೆನ್ಲಾಕ್ ಆಸ್ಪತ್ರೆಗೆ 1848ರಷ್ಟು ಹಿಂದಿನ ಮೂಲವಿದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಔಷಧಿ ಕೊಡಲು ತೊಡಗಿದರು. ಹೆರಿಗೆಗೆ ಲೇಡಿ ಗೋಶನ್ ಆಸ್ಪತ್ರೆ ಬಂದದ್ದು 1932ರಲ್ಲಿ. ಆದರೆ ಆಸ್ಪತ್ರೆಗೆ ತಲುಪುವ ದಾರಿ ಹಳೆಯದೇ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರುವುದು, ಜಟಕಾ ಹುಡುಕುವುದು, ಮುಂದೆ ಬಾಡಿಗೆ ಕಾರಿನ ಚಾಲಕನನ್ನು ನಿದ್ದೆಯಿಂದ ಎಬ್ಬಿಸುವುದು.

ಫೋನಿನಲ್ಲಿ ಸಹಾಯ ಕೇಳಲು ಒಂದೇ ಸಂಖ್ಯೆ ಎಂಬ ಯೋಚನೆ ಲಂಡನ್ನಿನ ಒಂದು ಬೆಂಕಿಯಿಂದ ಹುಟ್ಟಿತು. 1935ರ ನವೆಂಬರಿನಲ್ಲಿ ವಿಂಪೋಲ್ ಸ್ಟ್ರೀಟಿನ ಮನೆಯೊಂದರಲ್ಲಿ ಐವರು ಹೆಂಗಸರು ಸುಟ್ಟು ಸತ್ತರು. ಅಗ್ನಿಶಾಮಕ ದಳಕ್ಕೆ ಕರೆಮಾಡಿದ ನೆರೆಮನೆಯವರ ಕರೆ ಎಕ್ಸ್‌ಚೇಂಜಿನ ಸಾಲಿನಲ್ಲಿ ಕಾಯುತ್ತ ಉಳಿಯಿತು. ಆಪರೇಟರ್ ಮುಂದೆ ಹೊತ್ತಿಕೊಂಡ ದೀಪಗಳಲ್ಲಿ ಯಾವುದು ಬೆಂಕಿಯದು, ಯಾವುದು ಕುಶಲ ವಿಚಾರಿಸುವುದು ಎಂದು ತಿಳಿಯುವ ಉಪಾಯವೇ ಇರಲಿಲ್ಲ. 1937ರ ಜೂನ್ 30ರಂದು ಅಲ್ಲಿ 999 ಶುರುವಾಯಿತು. ಬೋರ್ಡಿನ ಮುಂದೆ ಕೂತವಳಾದ ನನಗೆ ಆ ಕಥೆ ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗಿತ್ತು.

ನಮ್ಮಲ್ಲಿ 100 ಪೊಲೀಸರಿಗೆ, 101 ಬೆಂಕಿಗೆ. ದೂರದೂರಿಗೆ ಆಗ ಟ್ರಂಕ್ ಕಾಲ್. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಲೈಟ್ನಿಂಗ್ ಎಂದರೆ ಸಾಲು ತಪ್ಪಿಸಿ ಕೂಡಲೇ ಸಿಗುವ ಕರೆ, ಅದರ ದರ ಬಡವರ ಕೈಗೆ ಎಟಕುವಂಥದಾಗಿರಲಿಲ್ಲ. ಹಳ್ಳಿಗಳ ಎಕ್ಸ್‌ಚೇಂಜಿನಲ್ಲಿ ಆಗಿನ್ನೂ ಕೈಯಿಂದ ಪ್ಲಗ್ ಹಾಕುವ ಬೋರ್ಡು. ಯಾವ ಮನೆಯ ಕರೆ ಎಂಬುದು ಆ ಬೋರ್ಡಿನಲ್ಲೇ ತಿಳಿಯುತ್ತಿತ್ತು. ಕರೆದವರ ಬಾಯಿಂದ ಮಾತು ಹೊರಡದಿದ್ದರೂ ಡಾಕ್ಟರರನ್ನು ಎಲ್ಲಿಗೆ ಕಳಿಸಬೇಕು ಎಂದು ಆಪರೇಟರಿಗೆ ಗೊತ್ತಿತ್ತು. ಸಿ-ಡಾಟ್ ತಯಾರಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಶುರುವಾದ ಮೇಲೆ ಆ ಬೋರ್ಡುಗಳು ಒಂದೊಂದೇ ಮರೆಯಾದವು. ಜನರಿಗೆ ಅದು ದೊಡ್ಡ ಉಪಕಾರ. ಆದರೆ ‘ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಅಂದಿನಿಂದ ಕರೆ ಮಾಡುವವರ ಮೇಲೆ ಬಿತ್ತು.

ಆ ಹೊಣೆ ನಮಗೆ ಇನ್ನೂ ರೂಢಿಯಾಗಿಲ್ಲ. ರಾತ್ರಿ ಪಾಳಿಯಲ್ಲಿ ದಿಕ್ಕು ತೋಚದವರ ಕರೆ ನಮ್ಮ ಬೋರ್ಡಿಗೂ ಬರುತ್ತಿತ್ತು. “ಬೇಗ ಬನ್ನಿ ಮಾರಾಯ್ರೆ!” ಎಂದು ಅಳು. “ಎಲ್ಲಿಂದ ಮಾತಾಡುವುದು ನೀವು?” ಎಂದು ನಾನು ಕೇಳುವಷ್ಟರಲ್ಲಿ ಫೋನು ಇಟ್ಟಾಗುತ್ತಿತ್ತು. ಆ ಮೌನವನ್ನು ಹೊತ್ತುಕೊಂಡು ಬೆಳಗಿನವರೆಗೆ ಕೂತಿರಬೇಕಿತ್ತು.

2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ 108 ಆರೋಗ್ಯ ಕವಚ ಬಂತು. ದುಡ್ಡು ಕೇಳದ ಆಂಬುಲೆನ್ಸು, ಅದರೊಳಗೆ ತರಬೇತಾದ ಸಿಬ್ಬಂದಿ. 2019ರಲ್ಲಿ ಪೊಲೀಸು, ಬೆಂಕಿ, ಆಂಬುಲೆನ್ಸು ಮೂರಕ್ಕೂ 112 ಬಂತು. ಜಾತಿ ಕೇಳದ, ಜೇಬು ನೋಡದ ಈ ಸಂಖ್ಯೆಗಳನ್ನು ನಾನು ನಮ್ಮ ಪ್ರಜಾಪ್ರಭುತ್ವದ ದೊಡ್ಡ ಗಳಿಕೆಗಳಲ್ಲಿ ಸೇರಿಸುತ್ತೇನೆ. ಆದರೂ ಬೊಬ್ಬೆಗೆ ಓಡುವ ಕಾಲುಗಳ ಬದಲಿಗೆ ಇವು ಬಂದದ್ದಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಕೆಂಜಾರಿನ ಕಣಿವೆಗೆ ಬಿದ್ದು 158 ಜನ ಸತ್ತ ದಿನ, ಹೊಗೆಯ ನಡುವೆ ಇಳಿದು ಬದುಕಿದವರಿಗಾಗಿ ಹುಡುಕಿದವರಲ್ಲಿ ಸುತ್ತಲಿನ ಮನೆಯವರು ಮುಂದಿದ್ದರು. ಬದುಕುಳಿದವರು ಎಂಟು ಮಂದಿ.

‘ಯಾರು?’ ಎಂಬ ಪ್ರಶ್ನೆ ತಿರುಗಿ ಬಂದದ್ದನ್ನೂ ನಾವು ನೋಡಿದ್ದೇವೆ. 2020ರ ಫೆಬ್ರವರಿಯಲ್ಲಿ ಹಸುಳೆಯೊಂದರ ಹೃದಯ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನವರೆಗೆ ದಾರಿಯುದ್ದಕ್ಕೂ ಜನ ರಸ್ತೆ ಬಿಟ್ಟುಕೊಟ್ಟರು; ಆಂಬುಲೆನ್ಸು ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಮುಂದಿನ ತಿಂಗಳೇ ಕೊರೊನಾದ ಭಯಕ್ಕೆ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿ, ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ ಕಾಸರಗೋಡಿನ ರೋಗಿಗಳು ಆಚೆಯೇ ನಿಂತರು. ಕೇರಳದ ಹೈಕೋರ್ಟು ಬಾಯಿ ತೆರೆಯಬೇಕಾಯಿತು. ಜೀವ ಹೋಗುವ ಹೊತ್ತಿನಲ್ಲಿ ಎಲ್ಲಿಯವರು ಎಂದು ಕೇಳುವುದು ಅನ್ಯಾಯ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕರೆದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕು ಎಂಬ ಭಯವೂ ಎಷ್ಟೋ ಜೀವ ತಿಂದಿದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ನೆರವಾದವರನ್ನು ಕಾಪಾಡುವ ಕಾಯ್ದೆಯನ್ನು ಕರ್ನಾಟಕವೇ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕರೆ ಮಾಡಿದ ತಪ್ಪಿಗೆ ನಿಮ್ಮನ್ನು ಯಾರೂ ಹಿಡಿದಿಡುವಂತಿಲ್ಲ.

ಯಾವಾಗ ಕರೆಯಬೇಕು? ಎದೆನೋವು, ಉಸಿರಿಗೆ ಕಷ್ಟ, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತ, ಹಾವು ಕಚ್ಚಿದ್ದು, ಬೆಂಕಿ, ಯಾರಾದರೂ ಹೊಡೆಯುತ್ತಿರುವುದು: ಇವು ಬೆಳಗಾಗಲಿ ಎಂದು ಕಾಯುವ ಸಂಗತಿಗಳಲ್ಲ. ಹಾವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಅಲುಗಾಡದಂತೆ ಮಲಗಿಸಿ ಕರೆ ಮಾಡಿ. ಗ್ಯಾಸು ಸೋರಿದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆಯಿರಿ. ಕಡಲಿನಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554. ನಮ್ಮ ಮೀನುಗಾರರ ಪ್ರತಿಯೊಂದು ದೋಣಿಯಲ್ಲೂ ಇದನ್ನು ಬರೆದಿಡಬೇಕು.

112ರ ಕರೆ ಎತ್ತುವವರು ಕೂತಿರುವುದು ಬೆಂಗಳೂರಿನಲ್ಲಿ. ಅವರಿಗೆ ನಿಮ್ಮ ಬೊಬ್ಬೆ ಕೇಳುತ್ತದೆ, ದಿಕ್ಕು ತಿಳಿಯುವುದಿಲ್ಲ. ಫೋನಿನ ನಕ್ಷೆ ಸುಮಾರಾಗಿ ತೋರಿಸಿದರೂ ಓಣಿಯನ್ನು ನೀವೇ ಹೇಳಬೇಕು. ‘ಕುದ್ರೋಳಿ ದೇವಸ್ಥಾನದ ಹತ್ತಿರ’ ಎಂದರೆ ಸಾಲದು, ಗೋಕರ್ಣನಾಥವೋ ಭಗವತಿ ಕ್ಷೇತ್ರವೋ ಹೇಳಿ. ಮಂಗಳೂರು, ಕುದ್ರೋಳಿ, ರಸ್ತೆ, ಎದುರಿಗಿರುವ ಅಂಗಡಿ: ಮೊದಲು ಜಾಗ. ಲೈನು ಕಡಿದರೂ ಆಂಬುಲೆನ್ಸು ಹೊರಡಲು ಅಷ್ಟು ಸಾಕು. ಆಮೇಲೆ ಏನಾಯಿತು, ಎಷ್ಟು ಜನ ಎಂಬುದು. ಅವರು ಇಡಿ ಎನ್ನುವವರೆಗೆ ಫೋನು ಇಡಬೇಡಿ. ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ ನಿಲ್ಲಿಸಿ.

ಈ ಬರಹ ಓದಿದವರಲ್ಲಿ ನನ್ನ ಕೋರಿಕೆ ಇಷ್ಟೇ. ಇವತ್ತು ಸಂಜೆ ಮನೆಯ ಮಕ್ಕಳನ್ನೂ ಮುದುಕರನ್ನೂ ಕೂರಿಸಿಕೊಂಡು ನಿಮ್ಮ ಮನೆಗೆ ದಾರಿ ಹೇಳುವುದನ್ನು ಬಾಯಿಪಾಠ ಮಾಡಿಸಿ. ಅದನ್ನು ಒಂದು ಚೀಟಿಯಲ್ಲಿ ಬರೆದು, ಮೇಲೆ 112 ಎಂದು ಹಾಕಿ, ಬಾಗಿಲ ಹಿಂದೆ ಅಂಟಿಸಿ. ಪಕ್ಕದ ಮನೆಯಿಂದ ಬೊಬ್ಬೆ ಕೇಳಿದರೆ ಯಾರದೆಂದು ಕೇಳದೆ ಓಡಿ, ಓಡುತ್ತಲೇ ಕರೆ ಮಾಡಿ.