ಸಹಾಯವಾಣಿಯ ಕರೆ: ಅಪಾಯವನ್ನು ಅರಿಯುತ್ತ ಬಂದ ಬಗೆ

‘ಸಾಯ್ತೀನಿ ಅನ್ನೋರು ಸಾಯಲ್ಲ’ ಎಂಬ ಮಾತು ಮಧುಗಿರಿ, ಸಿರಾ, ಪಾವಗಡದ ಕಡೆ ಓದಿದವರ ಬಾಯಲ್ಲೂ ಇದೆ. ಈಚೆಗೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ: ಸಹಾಯವಾಣಿಗೆ ಕರೆ ಮಾಡಿದವರಿಗೆ ನಾಲ್ಕು ಪ್ರಶ್ನೆ ಹಾಕಿ ಅಂಕ ಕೂಡಿಸಿದರೆ, ಅಥವಾ ಅವರ ದನಿಯನ್ನು ಯಂತ್ರಕ್ಕೆ ಒಪ್ಪಿಸಿದರೆ, ಯಾರು ಉಳಿಯುತ್ತಾರೆ ಯಾರು ಉಳಿಯುವುದಿಲ್ಲ ಎಂಬುದು ಗೊತ್ತಾಗಿಬಿಡುತ್ತದಂತೆ. ಈ ಕ್ಷೇತ್ರ ನಡೆದು ಬಂದ ದಾರಿ ಎರಡನ್ನೂ ಒಪ್ಪುವುದಿಲ್ಲ.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾ ಸಮಾರಿಟನ್ಸ್ ಸಹಾಯವಾಣಿ ಆರಂಭಿಸಿದಾಗ ಅಪಾಯ ಅಳೆಯುವ ಯೋಚನೆಯೇ ಮುಖ್ಯವಾಗಿರಲಿಲ್ಲ, ಕಿವಿಗೊಡುವುದೇ ಕೆಲಸ. 1958ರಲ್ಲಿ ಲಾಸ್ ಏಂಜಲೀಸಿನಲ್ಲಿ ಮನಶ್ಶಾಸ್ತ್ರಜ್ಞರಾದ ಶ್ನೈಡ್‌ಮನ್ ಮತ್ತು ಫಾರ್ಬರೋ ತೆರೆದ ಆತ್ಮಹತ್ಯೆ ತಡೆ ಕೇಂದ್ರ ಆ ಅಳತೆಗೆ ಕೈ ಹಾಕಿತು. ನಮ್ಮ ಕಡೆ 1986ರಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಚೆನ್ನೈನಲ್ಲಿ ‘ಸ್ನೇಹಾ’ ಸಂಸ್ಥೆ ಕಟ್ಟಿದರು.

ದೊಡ್ಡ ತಿರುವು ಬಂದದ್ದು 2007ರಲ್ಲಿ. ಅಮೆರಿಕದ ಸಹಾಯವಾಣಿಗಳಲ್ಲಿ ಸಂಶೋಧಕ ಮಿಶಾರಾ ಅವರ ತಂಡ ಕರೆಗಳನ್ನು ಮೌನವಾಗಿ ಆಲಿಸಿತು. ಸುಮಾರು ಅರ್ಧದಷ್ಟು ಕರೆಗಳಲ್ಲಿ ‘ಸಾಯುವ ಯೋಚನೆ ಬಂದಿದೆಯಾ?’ ಎಂದು ಕೇಳಿಯೇ ಇರಲಿಲ್ಲ. ಅದೇ ವರ್ಷ ಗೌಲ್ಡ್ ಮತ್ತು ಸಂಗಡಿಗರು 1,085 ಮಂದಿ ಕರೆದಾರರನ್ನು ಅಧ್ಯಯನ ಮಾಡಿ, ಸಾಯುವ ಯೋಚನೆಯಲ್ಲಿ ಕರೆ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯೋಜನೆ ಹಾಕಿಕೊಂಡಿರುತ್ತಾರೆಂದೂ, ಕರೆ ಮುಗಿಯುವ ಹೊತ್ತಿಗೆ ಸಾಯುವ ಹಟ ಇಳಿದಿರುತ್ತದೆಂದೂ ತೋರಿಸಿದರು. ಹೆದರಿಸಲು ಕರೆ ಮಾಡುತ್ತಾರೆಂಬ ಮಾತು ಅಲ್ಲಿಗೇ ನಿಲ್ಲಬೇಕಿತ್ತು. ಬಯಕೆ, ಸಾಮರ್ಥ್ಯ, ಉದ್ದೇಶ, ಬದುಕಿಗೆ ಕಟ್ಟಿಹಾಕುವ ಆಸರೆ, ಈ ನಾಲ್ಕನ್ನು ಒಟ್ಟಿಗೆ ನೋಡುವ ಜಾಯ್ನರ್ ಚೌಕಟ್ಟೂ ಆಗಲೇ ಬಂತು. 2017ರಲ್ಲಿ ಫ್ರಾಂಕ್ಲಿನ್ ತಂಡ 50 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದಾಗ, ಅಪಾಯದ ಅಂಶಗಳಿಂದ ಭವಿಷ್ಯ ಹೇಳುವುದು ನಾಣ್ಯ ಚಿಮ್ಮುವುದಕ್ಕಿಂತ ಅಷ್ಟೇನೂ ಮೇಲಲ್ಲ ಎಂದು ಕಂಡಿತು. ಅಂಕಗಳನ್ನು ನಂಬುವವರು ಇದನ್ನು ಓದದೆ ಮುಂದೆ ಹೋಗಿದ್ದಾರೆ.

ನಮ್ಮ ತಲೆಮಾರು ಕಲಿತದ್ದು ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಹೋದ್ಯೋಗಿಗಳು ಆತ್ಮಹತ್ಯೆಯಿಂದ ಸತ್ತವರ ಮನೆಯವರನ್ನು ಮಾತಾಡಿಸಿ ನಡೆಸಿದ ಅಧ್ಯಯನದಲ್ಲಿ ಮನೋರೋಗ ಒಂದೇ ಕಾರಣವಾಗಿ ನಿಲ್ಲಲಿಲ್ಲ. ಹಿಂದಿನ ಪ್ರಯತ್ನ, ತನ್ನ ಅಥವಾ ಗಂಡನ ಕುಡಿತ, ಮನೆಯೊಳಗಿನ ಹೊಡೆತ, ದಾಂಪತ್ಯದ ಜಗಳ, ದಿಢೀರ್ ದಿವಾಳಿ, ನಿರುದ್ಯೋಗ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರೋಟರಿ ಮತ್ತು ನಿಮ್ಹಾನ್ಸ್ ಜೊತೆಗೂಡಿ 2002ರಲ್ಲಿ ಆರಂಭಿಸಿದ ‘ಸಹಾಯ್’ ಸಹಾಯವಾಣಿ ಸ್ವಯಂಸೇವಕರನ್ನು ತರಬೇತುಗೊಳಿಸಿ ಕೂರಿಸಿತು. ನೇರವಾಗಿ ಕೇಳಬೇಕು, ಕೇಳಿದ ಮೇಲೆ ಆತುರಪಡಬಾರದು, ಉಪದೇಶ ಬೇಡ: ಈ ಶಿಸ್ತಿನ ಪರ ನಾನು ನಿಲ್ಲುತ್ತೇನೆ. ‘ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ’ ಎಂಬ ಹೆದರಿಕೆಗೆ ಆಧಾರವಿಲ್ಲ. ‘ಸಾಕಾಗಿದೆ ಸಾರ್’ ಎಂದವರಿಗೆ ‘ಬದುಕೇ ಬೇಡ ಅನ್ನಿಸಿದೆಯಾ?’ ಎಂದು ಯಾರಾದರೂ ಕೇಳಿದಾಗ, ಮಾತು ಹರಿಯುತ್ತದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂತು. ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಕರೆಗಳು 20 ಲಕ್ಷ ದಾಟಿವೆ. ಬೆಳವಣಿಗೆ ನಿಜ. ಆದರೆ ಎಣಿಕೆ ಅರಿವಲ್ಲ.

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯಿಂದ ಒಂದು ಕರೆ ಬಂತೆಂದುಕೊಳ್ಳಿ. ಅಮೆರಿಕದ ಚೌಕಟ್ಟು ಕರೆ ಮಾಡಿದವರೇ ಸಂಕಟದಲ್ಲಿದ್ದಾರೆ, ಒಬ್ಬರೇ ಇದ್ದಾರೆ, ಫೋನು ಅವರದೇ ಎಂದು ಹಿಡಿಯುತ್ತದೆ. ಇಲ್ಲಿ ಫೋನು ಗಂಡನದು. ಅತ್ತೆ ಪಕ್ಕದಲ್ಲೇ ಕೂತಿರಬಹುದು. ಅಪಾಯದಲ್ಲಿರುವವನು ಕೊಳವೆಬಾವಿ ಬತ್ತಿ ಸಾಲ ಹೊತ್ತ ಅಣ್ಣನಾಗಿರಬಹುದು, ಕರೆ ಮಾಡಿದವಳು ತಂಗಿಯಾಗಿರಬಹುದು. ಪಾವಗಡದವರು ಅರ್ಧ ಮಾತಿನಲ್ಲಿ ತೆಲುಗಿಗೆ ಹೊರಳುತ್ತಾರೆ. ಪೊಲೀಸ್ ಕೇಸಾಗುತ್ತದೆಂಬ ಭಯ ಬೇರೆ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಯಿಂದ ಕಾಯುತ್ತದೆಂಬುದು ಹಳ್ಳಿಗೆ ಇನ್ನೂ ತಲುಪಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಮನೆಯೊಳಗೆ ಬೆಳೆಗೆ ಹೊಡೆಯುವ ಔಷಧಿ ಕೈಗೆಟುಕುವಂತಿರುತ್ತದೆ. ಸಿಟ್ಟಿನ ಒಂದು ಗಳಿಗೆ ಕಳೆದರೆ ಉಳಿಯುವ ಜೀವ ಅದರಿಂದ ಹೋಗುತ್ತದೆ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ 1995ರ ನಂತರ ಬಹಳ ಇಳಿಯಿತು. ಯೋಚನೆ ಎಷ್ಟು ಗಾಢ ಎಂದು ತೂಗುವುದರ ಜೊತೆಗೆ ‘ಔಷಧಿ ಎಲ್ಲಿಟ್ಟಿದ್ದೀರಿ, ಬೀಗದ ಕೈ ಯಾರ ಹತ್ತಿರ?’ ಎಂದು ಕೇಳುವುದು ನಮ್ಮ ಕರೆಗಳಲ್ಲಿ ಮೊದಲ ಪ್ರಶ್ನೆಗಳಲ್ಲೊಂದಾಗಬೇಕು. 2014ರಿಂದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಕರೆ ಮುಗಿದ ಮೇಲೆ ಆ ಮಂಗಳವಾರಕ್ಕೆ ಕರೆದಾರರನ್ನು ಜೋಡಿಸಿ, ವಾರದೊಳಗೆ ‘ಹೇಗಿದ್ದೀರಿ’ ಎಂದು ತಿರುಗಿ ಕೇಳುವ ಕೆಲಸ ಆಶಾ ಕಾರ್ಯಕರ್ತೆಯರ ಮೂಲಕ ಆಗಬಲ್ಲದು. ಸಂಶೋಧಕರು ಅಧ್ಯಯನ ಮಾಡಬೇಕಾದ್ದು ಈ ಕೊಂಡಿಯನ್ನು.

ಯಾರಾದರೂ ‘ಸಾಕಾಗಿದೆ’ ಎಂದರೆ ನಂಬಿ, ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ಔಷಧಿಯನ್ನು ಮನೆಯಿಂದ ಹೊರಗಿಡಿ. ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.