ಒಂದೇ ತಂತಿ: ಮಾತಿಗೂ ಪತ್ರಕ್ಕೂ

ಫ್ಯಾಕ್ಸ್ ದೂರವಾಣಿಗಿಂತ ಹಳೆಯದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್, ಬರಹವನ್ನು ತಂತಿಯ ಮೂಲಕ ನಕಲಿಸುವ ಉಪಾಯಕ್ಕೆ 1843ರಲ್ಲೇ ಪೇಟೆಂಟ್ ಪಡೆದಿದ್ದ. ಗ್ರಹಾಂ ಬೆಲ್‌ಗೆ ದೂರವಾಣಿಯ ಪೇಟೆಂಟ್ ದೊರೆತದ್ದು 1876ರಲ್ಲಿ. ಆದರೂ ಮನೆಯ ಫೋನ್ ತಂತಿಯಲ್ಲಿ ಜಾಗ ಪಡೆಯಲು ಫ್ಯಾಕ್ಸ್ ನೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಇದಕ್ಕೆ ಕಾರಣ ಬರಿಯ ವಿಜ್ಞಾನದ್ದಲ್ಲ, ಹಕ್ಕಿನದು ಕೂಡ. ಅಮೆರಿಕದ ದೂರವಾಣಿ ಜಾಲದ ಬಹುಪಾಲು ಎ.ಟಿ. ಅಂಡ್ ಟಿ. ಕಂಪನಿಯ ಕೈಯಲ್ಲಿತ್ತು. ತಂತಿಯಷ್ಟೇ ಅಲ್ಲ, ಮನೆಯ ಮೇಜಿನ ಮೇಲಿನ ಫೋನೂ ಕಂಪನಿಯದೇ. ಬಾಡಿಗೆ ತೆರುವ ಗ್ರಾಹಕ ತನ್ನ ಸ್ವಂತ ಯಂತ್ರವೊಂದನ್ನು ಅದಕ್ಕೆ ಜೋಡಿಸುವಂತಿರಲಿಲ್ಲ. ಹೀಗಾಗಿ ಆ ಕಾಲದ ಫ್ಯಾಕ್ಸ್ ಯಂತ್ರಗಳು ಒಂದು ಜಾಣತನ ಮಾಡಿದವು. ರಿಸೀವರನ್ನು ಯಂತ್ರದ ಗುಳಿಗಳಲ್ಲಿ ಮಲಗಿಸಿದರೆ, ಅದು ಕಾಗದದ ಕಪ್ಪು ಬಿಳುಪನ್ನು ಸದ್ದಾಗಿ ಮಾರ್ಪಡಿಸಿ ಫೋನಿನ ಬಾಯಿಗೆ ಒಪ್ಪಿಸುತ್ತಿತ್ತು. ತಂತಿಗೆ ಅದೂ ಒಂದು ಮಾತೇ! 1966ರಲ್ಲಿ ಝೆರಾಕ್ಸ್ ಕಂಪನಿ ಹೊರತಂದ ಯಂತ್ರಕ್ಕೆ ಒಂದು ಪುಟ ಕಳುಹಿಸಲು ಸುಮಾರು 6 ನಿಮಿಷ ಬೇಕಾಗುತ್ತಿತ್ತು.

ಬಾಗಿಲು ತೆರೆದವನು ಫ್ಯಾಕ್ಸಿನವನಲ್ಲ. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬಾತ ರೇಡಿಯೋ ಸಂಭಾಷಣೆಯನ್ನು ಫೋನಿಗೆ ಬೆಸೆಯುವ ‘ಕಾರ್ಟರ್‌ಫೋನ್’ ತಯಾರಿಸಿದ್ದ. ಕಂಪನಿ ಅದನ್ನು ವಿರೋಧಿಸಿತು. 1968ರಲ್ಲಿ ಅಲ್ಲಿನ ಕೇಂದ್ರ ಸಂಪರ್ಕ ಆಯೋಗವು ಜಾಲಕ್ಕೆ ಹಾನಿ ಮಾಡದ ಉಪಕರಣವನ್ನು ತಡೆಯಕೂಡದೆಂದು ತೀರ್ಪಿತ್ತಿತು. ಆಮೇಲೂ, ನಡುವೆ ತನ್ನದೊಂದು ರಕ್ಷಣಾ ಪೆಟ್ಟಿಗೆ ಇರಲೇಬೇಕೆಂದು ಕಂಪನಿ ಹಲವು ವರ್ಷ ಪಟ್ಟು ಹಿಡಿದದ್ದುಂಟು. ಸಾವಿರಾರು ಲಿಪಿಚಿಹ್ನೆಗಳಿರುವ, ಟೆಲೆಕ್ಸಿಗೆ ಒಗ್ಗದ ಭಾಷೆಯ ಜಪಾನ್, ಫೋನ್ ತಂತಿಗಳನ್ನು 1972ರಲ್ಲಿ ಫ್ಯಾಕ್ಸಿಗೆ ತೆರೆಯಿತು. 1980ರ ಅಂತರರಾಷ್ಟ್ರೀಯ ಮಾನಕದಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತಾಡತೊಡಗಿದವು. ಪುಟಕ್ಕೆ ಸುಮಾರು ಒಂದು ನಿಮಿಷ ಸಾಕಾಯಿತು.

ಹಕ್ಕು ಬಂತು, ಜಗಳ ಮನೆಯೊಳಗೆ ಶುರುವಾಯಿತು. ಗಂಟೆ ಬಾರಿಸಿದರೆ ಕರೆದವರು ಮನುಷ್ಯರೋ ಯಂತ್ರವೋ? ಇದಕ್ಕೆ ಉತ್ತರ ಒಂದು ಸ್ವರ. ಕರೆಯುವ ಫ್ಯಾಕ್ಸ್ ಅರ್ಧ ಸೆಕೆಂಡು 1100 ಹರ್ಟ್ಸ್‌ನಲ್ಲಿ ಕೂಗಿ, 3 ಸೆಕೆಂಡು ಸುಮ್ಮನಿದ್ದು, ಮತ್ತೆ ಕೂಗುತ್ತದೆ. ಮನೆಯ ಯಂತ್ರ ಕರೆಯನ್ನು ಎತ್ತಿಕೊಂಡು ಈ ಕೂಗಿಗೆ ಕಿವಿಗೊಡುತ್ತದೆ. ಕೇಳಿಸಿದರೆ 2100 ಹರ್ಟ್ಸ್‌ನಲ್ಲಿ ಓಗೊಟ್ಟು ಕಾಗದ ಸ್ವೀಕರಿಸುತ್ತದೆ, ಇಲ್ಲವಾದರೆ ಮನೆಯವರನ್ನು ಕರೆಯುತ್ತದೆ. ಆದರೆ ನಡುವೆ ಯಾರಾದರೂ ಒಳಕೋಣೆಯ ಫೋನೆತ್ತಿ ‘ಹಲೋ’ ಎಂದರೆ ಆ ಸದ್ದೂ ತಂತಿಗಿಳಿದು ಪುಟ ಕೆಡಬಹುದು. ಇನ್ನೊಂದು ಕರೆ ಕಾಯುತ್ತಿದೆಯೆಂದು ಸೂಚಿಸುವ ‘ಬೀಪ್’ ಕೂಡ ಹಾಗೆಯೇ.

1990ರ ದಶಕದಲ್ಲಿ ನಮ್ಮ ಊರುಗಳ ಎಸ್.ಟಿ.ಡಿ. ಬೂತ್‌ಗಳಲ್ಲಿ ಈ ಗೊಂದಲವನ್ನು ಬಾಯಿಮಾತಿನಲ್ಲೇ ಬಗೆಹರಿಸುತ್ತಿದ್ದರು. ಫ್ಯಾಕ್ಸ್ ಕಳಿಸುವವನು ಮೊದಲು ಮಾಮೂಲಿಯಾಗಿ ಫೋನ್ ಮಾಡಿ, ಆ ಕಡೆಯವರಿಗೆ “ಸ್ವಲ್ಪ ಫ್ಯಾಕ್ಸ್ ಟೋನ್ ಕೊಡಿ ಸಾರ್” ಎನ್ನುತ್ತಿದ್ದ. ಅವರು ಗುಂಡಿ ಒತ್ತುತ್ತಿದ್ದರು. ಕಿರ್ರೆಂಬ ಸದ್ದು ಕೇಳಿದೊಡನೆ ಇವನೂ ಗುಂಡಿ ಒತ್ತಿ, ರಿಸೀವರ್ ಕೆಳಗಿಟ್ಟು, ಕಾಗದ ಒಳಕ್ಕೆ ಸರಿಯುವುದನ್ನು ನೋಡುತ್ತ ನಿಲ್ಲುತ್ತಿದ್ದ.