ಬೀಳು ಭೂಮಿ ಹಾಳು ಭೂಮಿಯಲ್ಲ

ಮಕ್ತಲ್, ಕೃಷ್ಣಾ, ಮಾಗನೂರು ಕಡೆಯ ರೈತರಿಗೆ ಚಿಗರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹತ್ತಿ, ತೊಗರಿ ಮೊಳಕೆ ಒಡೆದ ಕೂಡಲೇ ಹಿಂಡು ಹೊಲಕ್ಕೆ ಇಳೀತದೆ. ಪುಸ್ತಕದಲ್ಲಿ ಇದನ್ನೇ ಕೃಷ್ಣಮೃಗ ಎನ್ನುತ್ತಾರೆ. "ಇವು ಎಲ್ಲಿಂದ ಬಂದವಪ್ಪಾ?" ಅಂತ ಹೊಲ ಕಾಯುವವರು ಬೇಸತ್ತು ಕೇಳ್ತಾರೆ. ಅವು ಎಲ್ಲಿಂದಲೂ ಬಂದವಲ್ಲ, ಇಲ್ಲಿಯವೇ. ಬದಲಾದದ್ದು ನೆಲ.

ಚಿಗರಿ ದಟ್ಟ ಅಡವಿಯ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ಬಯಲು: ಹುಲ್ಲು, ಅಲ್ಲಲ್ಲಿ ಜಾಲಿ, ಬಾರಿ, ತಂಗಡಿ ಗಿಡ. ದೂರದಿಂದಲೇ ವೈರಿಯನ್ನು ಕಂಡು ಓಡಿ ಪಾರಾಗುವುದೇ ಅದರ ರಕ್ಷಣೆ. ಹಿಂದೆ ಅದನ್ನು ಬೆನ್ನಟ್ಟುತ್ತಿದ್ದವು ತೋಳ ಮತ್ತು ಸಿವಂಗಿ. ಕೊಲ್ಹಾಪುರದಂಥ ಸಂಸ್ಥಾನಗಳ ರಾಜರು ಸಿವಂಗಿಯನ್ನು ಪಳಗಿಸಿ ಚಿಗರಿ ಬೇಟೆ ಆಡಿಸುತ್ತಿದ್ದರು. 1952ರಲ್ಲಿ ನಮ್ಮ ದೇಶದಲ್ಲಿ ಸಿವಂಗಿ ಅಳಿದುಹೋಯಿತೆಂದು ಸಾರಲಾಯಿತು. 1972ರ ವನ್ಯಜೀವಿ ಕಾಯ್ದೆ ಚಿಗರಿಗೆ ರಕ್ಷಣೆ ಕೊಟ್ಟಿತು. ಆದರೆ ಅದು ಮೇಯುವ ಬಯಲಿಗೆ ಆ ರಕ್ಷಣೆ ಸಿಗಲಿಲ್ಲ.

ಕಾರಣ ಕಂದಾಯದ ಲೆಕ್ಕದಲ್ಲಿದೆ. ಬೆಳೆ ಬಾರದ, ತೀರುವೆ ಬಾರದ ನೆಲವನ್ನು ದಫ್ತರದಲ್ಲಿ 'ಬಂಜರ', 'ಗಾಯರಾಣ' ಎಂದು ಬರೆದರು. ಊರ ದನ, ಕುರಿ ಅಲ್ಲೇ ಮೇಯುತ್ತಿದ್ದವು, ಚಿಗರಿಯೂ ಅಲ್ಲೇ. ಆದರೂ 'ಬಂಜರ' ಎಂದ ಮೇಲೆ ಅದು ಯಾರಿಗೂ ಬೇಡದ ಭೂಮಿ ಎಂಬ ಭಾವನೆ ಬೆಳೆಯಿತು. ಮುಂದೆ ಒಂದೊಂದೇ ತುಂಡು ಉಳುಮೆಗೆ ಬಿತ್ತು. ಜೂರಾಲ ಮತ್ತು ಭೀಮಾ ಏತ ನೀರಾವರಿಯ ನೀರು ಬಂದ ಮೇಲೆ ಒಣ ಹೊಲಕ್ಕೂ ಬೆಲೆ ಬಂತು. ಅದು ಒಳ್ಳೆಯದೇ. ಬಯಲು ಮಾತ್ರ ಕರಗಿತು, ಹಿಂಡು ಹೊಲಕ್ಕೆ ಬಂತು.

ಬಯಲನ್ನು ಉಳಿಸಲು ಹೊರಟ ಎರಡು ಊರುಗಳ ಕಥೆ ನಮಗೆ ಪಾಠವಾಗಬೇಕು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಪೇಟೆಯ ಪಕ್ಕದಲ್ಲೇ 1974ರಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯವಾಯಿತು. ಚಿಗರಿ ಹೆಚ್ಚಿದವು. ಆದರೆ 'ಬೀಳು ಹಸಿರಾಗಲಿ' ಎಂದು ಅಲ್ಲಿ ಬಹುಪಾಲು ನೀಲಗಿರಿ ನೆಟ್ಟಿದ್ದರು. ಬಯಲಲ್ಲೇ ಬದುಕುವ ಎರ್ಲಡ್ಡು ಹಕ್ಕಿಗೆ ಆ ತೋಪು ಒಗ್ಗಲಿಲ್ಲ. ಅದು ಅಲ್ಲಿಂದ ಕಾಣೆಯಾಯಿತು.

ಎರಡನೆಯದು ನಮಗೆ ಹತ್ತಿರ. ಗದ್ವಾಲದಿಂದ ಕರ್ನೂಲು ದಾಟಿ ನಂದಿಕೊಟ್ಕೂರಿನ ಕಡೆ ಹೋದರೆ ರೋಳ್ಳಪಾಡು. ತೆಲುಗಿನವರು ಬಟ್ಟಮೇಕ ಪಿಟ್ಟ ಎನ್ನುವ ಅದೇ ಎರ್ಲಡ್ಡು ಹಕ್ಕಿಗಾಗಿ 1988ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಹುಲ್ಲು ಬೆಳೆಯಿತು, ಚಿಗರಿ ಹೆಚ್ಚಿದವು, ಸುತ್ತಲ ಬೆಳೆ ಹೋಯಿತು. ರೈತರು ಹಕ್ಕಿಯ ಮೇಲೂ ಸಿಟ್ಟಾದರು. ಹಕ್ಕಿಯೂ ಕಡಿಮೆಯಾಗುತ್ತ ಹೋಯಿತು.

ಒಂದು ಕಡೆ ನೆಲದ ಗುಣ ನೋಡಲಿಲ್ಲ, ಇನ್ನೊಂದು ಕಡೆ ರೈತನ ನಷ್ಟ ನೋಡಲಿಲ್ಲ. ನಮ್ಮಲ್ಲಿ ಎರಡನ್ನೂ ನೋಡಬೇಕು. ಉಳಿದಿರುವ ಗಾಯರಾಣವನ್ನು ಊರಿನವರೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ದನಕ್ಕೂ ಬೇಕು, ಚಿಗರಿಗೂ ಬೇಕು. ಬೆಳೆ ಹೋದವನಿಗೆ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ತಡವಾದ ಪರಿಹಾರ ಚಿಗರಿಗೆ ವೈರಿಗಳನ್ನು ಹುಟ್ಟಿಸುತ್ತದೆ.

ಮಾಸ್ತರರಿಗೆ ಒಂದು ಮಾತು. ಸಸಿಗಳನ್ನು ಶಾಲೆಯಂಗಳದಲ್ಲಿ, ದಾರಿ ಬದಿಯಲ್ಲಿ, ಬದುವಿನ ಮೇಲೆ ನೆಡಿಸಿ. ಹುಲ್ಲುಬಯಲಿನ ನಡುವೆ ಬೇಡ. ಮಕ್ಕಳನ್ನು ರೋಳ್ಳಪಾಡಿಗೋ ರಾಣೆಬೆನ್ನೂರಿಗೋ ಕರೆದೊಯ್ದರೆ ಬೆಳಗಿನ ತಂಪಿನಲ್ಲೇ ಹೋಗಿ. ಗದ್ದಲ ಬೇಡ, ಹಿಂಡನ್ನು ಓಡಿಸಿ ನೋಡುವುದೂ ಬೇಡ. ತಿರುಚಿದ ಕೊಂಬಿನ ಕರಿ ಹೋತ ಒಂಟಿಯಾಗಿ ನಿಂತಿದ್ದರೆ, ಅದು ತನ್ನ ಜಾಗ ಕಾಯುತ್ತಿದೆ ಎಂದು ಹೇಳಿಕೊಡಿ. ಆಮೇಲೆ ಊರಿಗೆ ಬಂದು ನಮ್ಮ ಗಾಯರಾಣ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಹಿರಿಯರನ್ನು ಕೇಳಿ ಬರೆದಿಡಲು ಹೇಳಿ. ಆ ಗಡಿ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.